ವ್ಯಾನಿನ ನಿಲುವು

ತೊಗರಿಯ ರಾಶಿ ಮುಗಿದು ಚೀಲಗಳು ಪೇಟೆಯ ಕಡೆಗೆ ಹೊರಡುವ ದಿನಗಳಲ್ಲಿ ಆಳಂದ, ಅಫಜಲಪುರ ಮತ್ತು ಜೇವರ್ಗಿಗಳಿಂದ ಕಲಬುರಗಿಗೆ ಬರುವ ದಾರಿಗಳಲ್ಲಿ ಯಾವುದಾದರೊಂದರ ಬದಿಗೆ ಅರ್ಧ ಗಂಟೆ ನಿಂತರೆ ಸಾಕು. ಭೌತವಿಜ್ಞಾನದ ಒಂದು ಇಡೀ ಅಧ್ಯಾಯವೇ ನಮ್ಮ ಕಣ್ಣ ಮುಂದೆ ಹಾದುಹೋಗುತ್ತದೆ. ಹಿಂಭಾಗ ಕುಸಿದು ಮೂಗನ್ನು ಮೇಲೆತ್ತಿದ ವ್ಯಾನು, ಒಂದು ಮಗ್ಗುಲಿಗೆ ವಾಲಿದ ವ್ಯಾನು, ನೆತ್ತಿಯ ಮೇಲೆ ಚೀಲಗಳನ್ನು ಹೇರಿಕೊಂಡು ತೂಗಾಡುವ ವ್ಯಾನು, ಸರಕನ್ನಿಳಿಸಿ ಹಿಂದಿರುಗುವಾಗ ಕುಪ್ಪಳಿಸುವ ವ್ಯಾನು – ಹೀಗೆ ಒಂದೊಂದರ ನಿಲುವೂ ಒಂದೊಂದು ಬಗೆ. ನಿಲುವು ಎಂಬುದು ಕೇವಲ ಅಂದಚಂದದ ಮಾತೇ, ಅಥವಾ ಅದರ ಹಿಂದೆ ಪ್ರಾಣಗಳ ಅಳಿವು ಉಳಿವಿನ ಪ್ರಶ್ನೆಯೂ ಅಡಗಿದೆಯೇ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಈ ವಿಚಾರಕ್ಕೆ ಕಾರಣನಾದವನು ನಮ್ಮಲ್ಲಿ ಹಿಂದೆ ಓದಿದ ಜೇವರ್ಗಿ ಕಡೆಯ ಒಬ್ಬ ತರುಣ. ಅವನು ಹಳೆಯ ವ್ಯಾನೊಂದನ್ನು ಕೊಂಡಿದ್ದನು. ಸುಗ್ಗಿಯಲ್ಲಿ ತನ್ನ ಹೊಲದ ತೊಗರಿಯನ್ನು ಅದರಲ್ಲಿ ಸಾಗಿಸುವುದು. ಹುಣ್ಣಿಮೆ ಬಂದಾಗ, ಅಮರ್ಜಾ ನದಿಯು ಭೀಮೆಯನ್ನು ಕೂಡುವ ಗಾಣಗಾಪುರಕ್ಕೆ ಮನೆಯವರನ್ನು ಕರೆದೊಯ್ಯುವುದು. ಒಂದು ದಿನ ಅವನು ನಮ್ಮ ಬಳಿಗೆ ಬಂದು, “ಸರ್, ಗಾಡಿ ಹಿಂದ ಕುಂತಂಗ ಕಾಣ್ತದ. ಇನ್ನೊಂದು ಪಾಟಾ ಹಾಕಿಸಿ, ದೊಡ್ಡ ಗಾಲಿ ಹಾಕಿಸಿದ್ರ ನೆಟ್ಟಗ ನಿಂದ್ರತದಲ್ರಿ? ಕೈಯಾಗ ರೊಕ್ಕ ಭಾಳ ಇಲ್ರಿ” ಎಂದನು. ಪ್ರಶ್ನೆ ಚಿಕ್ಕದಾದರೂ ಅದಕ್ಕೆ ಉತ್ತರ ಹೇಳಬೇಕಾದರೆ ನೆಲ, ಕಮಾನು, ಭಾರ, ಗಾಲಿ ಈ ನಾಲ್ಕನ್ನೂ ಕುರಿತು ಯೋಚಿಸಬೇಕಾಯಿತು.

ನೆಲದ ಗುಣ

ಮೊದಲು ನೆಲ. ಈ ಮೂರು ತಾಲ್ಲೂಕುಗಳ ಬಹುಭಾಗವು ಎರೆಯ ಭೂಮಿ. ಈ ಕಪ್ಪು ಮಣ್ಣಿನಲ್ಲಿರುವ ಜೇಡಿಯ ಕಣಗಳು ಮಳೆಗಾಲದಲ್ಲಿ ನೀರನ್ನು ಹೀರಿ ಉಬ್ಬುವುವು. ಬೇಸಗೆಯಲ್ಲಿ ನೀರನ್ನು ಕಳೆದುಕೊಂಡು ಕುಗ್ಗುವುವು. ಆಗ ಹೊಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳು ಬಾಯ್ದೆರೆಯುವುದನ್ನು ಎಲ್ಲರೂ ಕಂಡಿದ್ದೇವೆ. ಇಂತಹ ನೆಲದ ಮೇಲೆ ಹಾಸಿದ ರಸ್ತೆಯೂ ನೆಲದೊಡನೆ ಉಸಿರಾಡುತ್ತದೆ. ಎಲ್ಲೆಡೆಯಲ್ಲಿಯೂ ಒಂದೇ ಸಮನಾಗಿ ಉಬ್ಬದೆ, ಒಂದೆಡೆ ಎದ್ದು ಒಂದೆಡೆ ತಗ್ಗಿ, ಡಾಂಬರಿನ ಮೈಯಲ್ಲಿ ಅಲೆಗಳೇಳುತ್ತವೆ. ಈ ಅಲೆಗಳನ್ನು ವಾಹನದ ಒಡಲಿಗೆ ಮುಟ್ಟಗೊಡದಂತೆ ಮಾಡುವುದೇ ಕಮಾನುಗಳ ಕೆಲಸ.

ಚಕ್ಕಡಿಗೆ ಕಮಾನು ಇಲ್ಲ. ಗಾಲಿ ಏರಿದಷ್ಟೂ ಚಕ್ಕಡಿಯೂ ಏರುತ್ತದೆ. ಎತ್ತಿನ ನಡಿಗೆ ನಿಧಾನವಾದುದರಿಂದ ಅದು ಹೇಗೋ ಸಾಗುತ್ತದೆ. ವೇಗ ಹೆಚ್ಚಿದೊಡನೆ ಒಡಲಿಗೂ ಗಾಲಿಗೂ ನಡುವೆ ಬಾಗುವ ವಸ್ತುವೊಂದು ಬೇಕಾಗುತ್ತದೆ. 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಲಂಡನ್ನಿನ ಒಬಡಯ ಎಲಿಯಟ್ ಎಂಬುವನು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ ಕಮಾನನ್ನು ಕುದುರೆಗಾಡಿಗಳಿಗೆ ಅಳವಡಿಸಿದನು. ನಮ್ಮ ಮಿಸ್ತ್ರಿಗಳು ಇಂದು ಪಾಟಾ ಎಂದು ಕರೆಯುವುದು ಅದರ ಸಂತತಿಯನ್ನೇ. 1888ರಲ್ಲಿ ಜಾನ್ ಡನ್‌ಲಪ್ಪನು ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದನು. ಹೀಗೆ ಇಂದಿನ ವ್ಯಾನಿನ ಕೆಳಗೆ ಎರಡು ಕಮಾನುಗಳಿವೆಯೆನ್ನಬಹುದು: ಒಂದು ಉಕ್ಕಿನದು, ಇನ್ನೊಂದು ಗಾಳಿಯದು.

ಎರಡು ಚೀಲಗಳ ಪ್ರಯೋಗ

ಆ ತರುಣನಿಗೆ ನಾವು ಮೊದಲು ಹೇಳಿದ ಮಾತು, ಕೊಳ್ಳುವ ಮೊದಲು ಅಳೆ ಎಂಬುದು. ಸಮತಟ್ಟಾದ ಗಚ್ಚಿನ ಮೇಲೆ ವ್ಯಾನನ್ನು ಖಾಲಿಯಾಗಿ ನಿಲ್ಲಿಸಿ, ನಾಲ್ಕು ಟೈರುಗಳ ಗಾಳಿಯನ್ನು ಸರಿಪಡಿಸಿ, ಪ್ರತಿಯೊಂದು ಗಾಲಿಯ ನಡುವಿನಿಂದ ಅದರ ಮೇಲಿರುವ ತಗಡಿನ ಅಂಚಿನವರೆಗಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದೆವು. ಮುಂದಿನ ಎರಡು ಅಳತೆಗಳು ಸಮನಾಗಿದ್ದವು. ಹಿಂದೆ ಎಡಗಡೆಯದು ಬಲಗಡೆಯದಕ್ಕಿಂತ 3 ಸೆಂಟಿಮೀಟರು ಕಡಿಮೆಯಿತ್ತು. ಕೆಳಗೆ ತೂರಿ ನೋಡಿದಾಗ ಎಡಗಡೆಯ ಎರಡನೆಯ ಪಟ್ಟಿ ತುಂಡಾಗಿರುವುದು ಕಂಡಿತು. ಗಾಡಿ ‘ಕುಂತಿದ್ದು’ ಪಟ್ಟಿಗಳು ಸಾಲದುದರಿಂದಲ್ಲ, ಇದ್ದ ಪಟ್ಟಿ ಮುರಿದುದರಿಂದ. ಮೇಲೊಂದು ಹೊಸ ಪಾಟಾ ಹಾಕಿಸಿದ್ದರೆ ವ್ಯಾನು ಎದ್ದು ನಿಂತಂತೆ ಕಾಣುತ್ತಿತ್ತು. ಮುರುಕು ಮಾತ್ರ ಮರೆಯಾಗಿ ಉಳಿದು, ಉಳಿದ ಪಟ್ಟಿಗಳ ಮೇಲೆ ಹೊರೆಯನ್ನು ಹೆಚ್ಚಿಸುತ್ತಿತ್ತು.

ಮುರಿದ ಪಟ್ಟಿಯನ್ನು ಬದಲಿಸಿದ ಬಳಿಕ ಎರಡನೆಯ ಪ್ರಯೋಗ. ಹಿಂದಿನ ಅಚ್ಚಿನ ನೇರಕ್ಕೆ 50 ಕಿಲೋಗ್ರಾಮಿನ ಎರಡು ತೊಗರಿ ಚೀಲಗಳನ್ನಿಟ್ಟೆವು. ಹಿಂಭಾಗವು 2.5 ಸೆಂಟಿಮೀಟರು ಕೆಳಗಿಳಿಯಿತು. ಇನ್ನೆರಡು ಚೀಲಗಳನ್ನಿಟ್ಟಾಗ ಮತ್ತೆ ಅಷ್ಟೇ ಇಳಿಯಿತು. ಸ್ಥಿತಿಸ್ಥಾಪಕ ವಸ್ತುವಿನ ಬಾಗುವಿಕೆಯು ಅದರ ಮೇಲಿನ ಬಲಕ್ಕೆ ಅನುಗುಣವಾಗಿರುತ್ತದೆಂದು ರಾಬರ್ಟ್ ಹುಕ್ಕನು 1678ರಲ್ಲಿ ಪ್ರಕಟಿಸಿದ ನಿಯಮವೇ ಇದು. 100 ಕಿಲೋಗ್ರಾಮಿಗೆ 2.5 ಸೆಂಟಿಮೀಟರು ಎಂದರೆ, ಒಂದು ಸೆಂಟಿಮೀಟರು ಇಳಿಸಲು 40 ಕಿಲೋಗ್ರಾಂ ಬೇಕು. ಇದನ್ನು ಕಮಾನಿನ ಬಿಗುಪು ಎಂದು ಕರೆಯೋಣ.

ಇನ್ನು ಹಿಂದಿನ ಕಮಾನುಗಳು ಹೊತ್ತಿರುವ ತೂಕವೆಷ್ಟು? ಗಾಡಿಗಳನ್ನು ತೂಗುವ ಕಾಟಾದ ಮೇಲೆ ಹಿಂದಿನ ಗಾಲಿಗಳನ್ನಷ್ಟೇ ನಿಲ್ಲಿಸಿ, ಬಂದ ತೂಕದಿಂದ ಅಚ್ಚು ಮತ್ತು ಗಾಲಿಗಳ ತೂಕವನ್ನು ಕಳೆದರೆ ಇದು ದೊರೆಯುತ್ತದೆ. ಎಣಿಕೆಯ ಸುಲಭಕ್ಕಾಗಿ ಖಾಲಿ ವ್ಯಾನಿನಲ್ಲಿ ಇದು 250 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಆಗ ಕಮಾನುಗಳು 250ನ್ನು 40ರಿಂದ ಭಾಗಿಸಿದಷ್ಟು, ಅಂದರೆ 6.25 ಸೆಂಟಿಮೀಟರು ಬಾಗಿರುತ್ತವೆ. ಆರು ಚೀಲಗಳನ್ನು ಹೇರಿದರೆ ತೂಕ 550 ಕಿಲೋಗ್ರಾಂ, ಬಾಗುವಿಕೆ 13.75 ಸೆಂಟಿಮೀಟರು. ವ್ಯಾನು 7.5 ಸೆಂಟಿಮೀಟರು ಕುಸಿಯಿತು. ಅಚ್ಚಿಗೂ ಅದರ ಮೇಲಿನ ರಬ್ಬರಿನ ತಡೆಗೂ ನಡುವೆ ಖಾಲಿಯಿದ್ದಾಗ 9 ಸೆಂಟಿಮೀಟರು ಎಡೆಯಿದ್ದರೆ, ಈಗ ಉಳಿಯುವುದು ಒಂದೂವರೆ ಸೆಂಟಿಮೀಟರು ಮಾತ್ರ. ಮುಂದಿನ ತಗ್ಗಿನಲ್ಲಿ ಅಚ್ಚು ‘ಧಡ್’ ಎಂದು ಒಡಲಿಗೆ ಬಡಿಯುವುದು ಈ ಕಾರಣದಿಂದಲೇ.

ಆಂದೋಲನದ ಲೆಕ್ಕ

ಕಮಾನಿನ ಮೇಲೆ ಕುಳಿತ ಭಾರವನ್ನು ಒತ್ತಿ ಬಿಟ್ಟರೆ ಅದು ಮೇಲಕ್ಕೂ ಕೆಳಕ್ಕೂ ಆಂದೋಲನ ಮಾಡುತ್ತದೆ. ಸೆಕೆಂಡಿಗೆ ಎಷ್ಟು ಆಂದೋಲನಗಳೆಂಬುದನ್ನು ತಿಳಿಯಲು ಸುಲಭವಾದ ಒಂದು ಸೂತ್ರವಿದೆ. ಭಾರದಿಂದ ಉಂಟಾದ ಬಾಗುವಿಕೆಯನ್ನು ಸೆಂಟಿಮೀಟರುಗಳಲ್ಲಿ ತೆಗೆದುಕೊಂಡು ಅದರ ವರ್ಗಮೂಲದಿಂದ 5ನ್ನು ಭಾಗಿಸಬೇಕು. ಖಾಲಿ ವ್ಯಾನಿನಲ್ಲಿ ಬಾಗುವಿಕೆ 6.25, ಅದರ ವರ್ಗಮೂಲ 2.5, ಆದುದರಿಂದ ಸೆಕೆಂಡಿಗೆ 2 ಆಂದೋಲನಗಳು. ಹೇರಿದ ವ್ಯಾನಿನಲ್ಲಿ ಸುಮಾರು 1.35. ಮನುಷ್ಯನ ಮೈಗೆ ಹಿತವಾಗಿರುವುದು ಸೆಕೆಂಡಿಗೆ 1ರಿಂದ ಒಂದೂವರೆಯವರೆಗಿನ ಆಂದೋಲನ. ಖಾಲಿ ವ್ಯಾನಿನಲ್ಲಿ ಕುಳಿತವರಿಗೆ ಸೊಂಟ ನೋಯುವುದೇಕೆಂಬುದು ಇದರಿಂದ ತಿಳಿಯುತ್ತದೆ.

ಈಗ ಇನ್ನೊಂದು ಪಾಟಾ ಹಾಕಿಸಿದರೇನಾಗುವುದೆಂದು ನೋಡೋಣ. ಒಂದೇ ದಪ್ಪದ ನಾಲ್ಕು ಪಟ್ಟಿಗಳಿಗೆ ಐದನೆಯದನ್ನು ಸೇರಿಸಿದರೆ ಬಿಗುಪು ಸುಮಾರು ಶೇಕಡಾ 25ರಷ್ಟು ಹೆಚ್ಚಿ, 40 ಇದ್ದುದು 50 ಆಗುತ್ತದೆ. ಆರು ಚೀಲ ಹೇರಿದಾಗ ವ್ಯಾನು ಮೊದಲಿಗಿಂತ 2.75 ಸೆಂಟಿಮೀಟರು ಮೇಲೆ ನಿಲ್ಲುವುದೇನೋ ನಿಜ. ಆದರೆ ಖಾಲಿಯಾದಾಗ ಬಾಗುವಿಕೆ 5 ಸೆಂಟಿಮೀಟರಿಗೆ ಇಳಿದು, ಆಂದೋಲನಗಳು ಸೆಕೆಂಡಿಗೆ 2.24ಕ್ಕೆ ಏರುತ್ತವೆ. ಅಷ್ಟರಮಟ್ಟಿಗೆ ಕುಲುಕಾಟ ಹೆಚ್ಚಿತು. ಗಾಲಿಯು ನೆಲವನ್ನು ಬಿಟ್ಟು ಪುಟಿಯುವ ಸಂಭವವೂ ಹೆಚ್ಚಿತು. ನೆಲವನ್ನು ಬಿಟ್ಟ ಗಾಲಿಗೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ ಎಂಬುದನ್ನು ಮರೆಯಬಾರದು.

ಇದಕ್ಕೆ ವಿರುದ್ಧವಾದ ಗೀಳು, ವ್ಯಾನನ್ನು ತಗ್ಗಿಸಿ ನಿಲ್ಲಿಸುವುದು. ಮುಂದಿನ ಸುರುಳಿ ಸ್ಪ್ರಿಂಗಿನಲ್ಲಿ ಎರಡು ಸುತ್ತುಗಳನ್ನು ಕತ್ತರಿಸಿ ತೆಗೆದರೆ ಖರ್ಚು ಕಡಿಮೆಯೆಂದು ಹೇಳುವವರುಂಟು. ಸ್ಪ್ರಿಂಗಿನ ಬಿಗುಪು ಅದರ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿದೆ. ಎಂಟು ಸುತ್ತುಗಳಲ್ಲಿ ಆರು ಉಳಿದರೆ ಬಿಗುಪು ಮೂರರಲ್ಲಿ ಒಂದು ಪಾಲು ಹೆಚ್ಚುತ್ತದೆ. ಜೊತೆಗೆ ಆಡಲು ಎಡೆಯೂ ಕಡಿಮೆಯಾಗುತ್ತದೆ. ಕತ್ತರಿಸಿದ ತುದಿಯು ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂಡುವುದಿಲ್ಲ. ಬೆಂಕಿಯಲ್ಲಿ ಕಾಯಿಸಿ ಕುಗ್ಗಿಸುವುದಂತೂ ಇನ್ನೂ ಕೇಡು. ಹದ ಕೊಟ್ಟ ಉಕ್ಕನ್ನು ಕಾಯಿಸಿದರೆ ಹದ ಹೋಗುತ್ತದೆ, ಅನಂತರ ಅದು ಬಾಗಿದುದು ಬಾಗಿದಂತೆಯೇ ಉಳಿಯುತ್ತದೆ.

ಅಲೆಯೂ ಅನುರಣನವೂ

ಎರೆನೆಲದ ರಸ್ತೆಯ ಅಲೆಗಳಿಗೆ ಈಗ ಮರಳೋಣ. 6 ಮೀಟರಿಗೊಂದರಂತೆ ಉಬ್ಬುಗಳಿವೆಯೆಂದು ಭಾವಿಸಿ. ಹೇರಿದ ವ್ಯಾನು ಸೆಕೆಂಡಿಗೆ 8.1 ಮೀಟರು, ಎಂದರೆ ಗಂಟೆಗೆ ಸುಮಾರು 29 ಕಿಲೋಮೀಟರು ವೇಗದಲ್ಲಿ ಹೋಗುತ್ತಿದ್ದರೆ ಅದಕ್ಕೆ ಸೆಕೆಂಡಿಗೆ 1.35 ಉಬ್ಬುಗಳು ಎದುರಾಗುತ್ತವೆ. ಕಮಾನಿನ ಸ್ವಂತ ಆಂದೋಲನವೂ ಅಷ್ಟೇ. ಉಯ್ಯಾಲೆಯನ್ನು ಅದರ ತಾಳಕ್ಕೆ ಸರಿಯಾಗಿ ತಳ್ಳಿದರೆ ಅದು ಮೇಲೆ ಮೇಲೆ ಹೋಗುವಂತೆ, ಇಲ್ಲಿಯೂ ಪ್ರತಿಯೊಂದು ಉಬ್ಬು ವ್ಯಾನನ್ನು ಇನ್ನಷ್ಟು ಎತ್ತುತ್ತದೆ. ಇದಕ್ಕೆ ಅನುರಣನವೆಂದು ಹೆಸರು. ಖಾಲಿ ವ್ಯಾನಿನಲ್ಲಿ ಇದು ಗಂಟೆಗೆ ಸುಮಾರು 43 ಕಿಲೋಮೀಟರು ವೇಗದಲ್ಲಿ ಉಂಟಾಗುತ್ತದೆ. ಒಂದೇ ದಾರಿ ಹೋಗುವಾಗ ಒಂದು ವೇಗದಲ್ಲಿಯೂ ಬರುವಾಗ ಇನ್ನೊಂದು ವೇಗದಲ್ಲಿಯೂ ಕಾಡುವುದು ಈ ಕಾರಣದಿಂದ.

ಅನುರಣನವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಹೆಸರನ್ನು ಕೇಳಿ ಇದು ಭಾರವನ್ನು ಹೊರುತ್ತದೆಂದು ಅನೇಕರು ತಿಳಿದಿದ್ದಾರೆ. ಭಾರವನ್ನು ಹೊರುವುದು ಕಮಾನು. ಶಾಕ್ ಅಬ್ಸಾರ್ಬರಿನೊಳಗೆ ಎಣ್ಣೆಯು ಕಿರಿದಾದ ರಂಧ್ರಗಳಲ್ಲಿ ನುಸುಳುವಾಗ ಆಂದೋಲನದ ಶಕ್ತಿಯು ಶಾಖವಾಗಿ ಮಾರ್ಪಟ್ಟು ಹೊರಗೆ ಹೋಗುತ್ತದೆ. ಅದು ಸರಿಯಾಗಿದೆಯೇ ಎಂದು ನೋಡುವುದು ಸುಲಭ. ವ್ಯಾನಿನ ಒಂದು ಮೂಲೆಯನ್ನು ಮೈಭಾರ ಹಾಕಿ ಒತ್ತಿ, ಕೈಬಿಡಿ. ಒಮ್ಮೆ ಎದ್ದು ಸಮಸ್ಥಿತಿಗೆ ಬಂದು ನಿಂತರೆ ಸರಿ. ಎರಡು ಮೂರು ಸಲ ತೂಗಿದರೆ ಅದರ ಆಯುಸ್ಸು ತೀರಿದೆಯೆಂದು ತಿಳಿಯಬೇಕು. ಅದರ ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿದ್ದರೂ ಅದೇ ಅರ್ಥ.

ಎತ್ತರ ಮತ್ತು ಅಗಲ

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ವಾಹನವು ಪಲ್ಟಿಯಾಗುವುದು ಯಾವಾಗ? ಅದರ ಗುರುತ್ವಕೇಂದ್ರದಿಂದ ಎಳೆದ ಲಂಬರೇಖೆಯು ಗಾಲಿಗಳ ಆಚೆಗೆ ಬಿದ್ದಾಗ. ಎಡ ಬಲ ಗಾಲಿಗಳ ನಡುವಣ ಅಗಲದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆಯು ವಾಹನದ ಸ್ಥಿರತೆಯನ್ನು ಸೂಚಿಸುತ್ತದೆ. ಅಗಲ 1.2 ಮೀಟರು, ಎತ್ತರ 0.6 ಮೀಟರು ಆದರೆ ಸ್ಥಿರತೆ 1. ಇಂತಹ ವ್ಯಾನು ನಿಂತಲ್ಲಿ 45 ಡಿಗ್ರಿಗಳವರೆಗೆ ವಾಲಿದರೂ ಬೀಳದು.

ವ್ಯಾನಿನ ತೂಕ 800 ಕಿಲೋಗ್ರಾಂ ಇರಲಿ. ನಾಲ್ಕು ಚೀಲಗಳನ್ನು, ಎಂದರೆ 200 ಕಿಲೋಗ್ರಾಮನ್ನು, ನೆತ್ತಿಯ ಕ್ಯಾರಿಯರಿನ ಮೇಲೆ ನೆಲದಿಂದ 1.9 ಮೀಟರು ಎತ್ತರದಲ್ಲಿ ಹೇರಿದೆವೆನ್ನೋಣ. ಒಟ್ಟು ಗುರುತ್ವಕೇಂದ್ರವು 0.86 ಮೀಟರಿಗೆ ಏರುತ್ತದೆ. ಸ್ಥಿರತೆಯು 0.70ಕ್ಕೆ ಇಳಿಯುತ್ತದೆ, ಬೀಳುವ ಕೋನ 35 ಡಿಗ್ರಿ. ಅದೇ ಚೀಲಗಳನ್ನು ಒಳಗೆ ತಳದ ಮೇಲೆ, 0.5 ಮೀಟರು ಎತ್ತರದಲ್ಲಿ ಇಟ್ಟರೆ ಗುರುತ್ವಕೇಂದ್ರ 0.58 ಮೀಟರು, ಸ್ಥಿರತೆ 1.03, ಕೋನ 46 ಡಿಗ್ರಿ. 30 ಮೀಟರು ತ್ರಿಜ್ಯದ ತಿರುವಿನಲ್ಲಿ, ಭಾರ ಮೇಲಿದ್ದಾಗ ಗಂಟೆಗೆ ಸುಮಾರು 52 ಕಿಲೋಮೀಟರಿಗೇ ಒಳಗಿನ ಗಾಲಿಗಳು ನೆಲವನ್ನು ಬಿಡುವ ಲೆಕ್ಕ ಬರುತ್ತದೆ. ಭಾರ ಕೆಳಗಿದ್ದಾಗ ಸುಮಾರು 63ಕ್ಕೆ. ಈ ಲೆಕ್ಕದಲ್ಲಿ ವ್ಯಾನನ್ನು ಬಾಗದ ಪೆಟ್ಟಿಗೆಯೆಂದು ಭಾವಿಸಿದ್ದೇವೆ. ನಿಜವಾದ ವ್ಯಾನಿನಲ್ಲಿ ಕಮಾನು, ಟೈರುಗಳು ಹೊರಗಡೆಗೆ ಬಾಗುವುದರಿಂದ ಅಪಾಯದ ವೇಗವು ಇನ್ನೂ ಕಡಿಮೆ. ರಸ್ತೆಯ ಅಂಚಿನ ಹಸಿ ಎರೆಮಣ್ಣಿನಲ್ಲಿ ಒಂದು ಗಾಲಿ ಹೂತರಂತೂ ತಿರುವೂ ಬೇಕಿಲ್ಲ.

ಈಗ ಹೋಲಿಸಿ ನೋಡೋಣ. ಕಮಾನುಗಳನ್ನು ಬದಲಿಸಿ ಖಾಲಿ ವ್ಯಾನನ್ನು 2.5 ಸೆಂಟಿಮೀಟರು ತಗ್ಗಿಸಿದರೆ ಸ್ಥಿರತೆಯಲ್ಲಾಗುವ ಲಾಭ ಶೇಕಡಾ 4. ಪ್ರತಿಯೊಂದು ಗಾಲಿಯನ್ನೂ 2.5 ಸೆಂಟಿಮೀಟರು ಹೊರಕ್ಕೆ ಸರಿಸಿದರೆ ಆಗುವ ಲಾಭವೂ ಶೇಕಡಾ 4. ನಾಲ್ಕು ಚೀಲಗಳನ್ನು ನೆತ್ತಿಯಿಂದ ತಳಕ್ಕೆ ಇಳಿಸಿದರೆ ಆಗುವ ಲಾಭ ಶೇಕಡಾ 48. ಇದಕ್ಕೆ ಖರ್ಚು ಒಂದು ಪೈಸೆಯೂ ಇಲ್ಲ. ನಿಲುವನ್ನು ಉತ್ತಮಪಡಿಸುವ ಮೊದಲ ಸಾಧನ ಗ್ಯಾರೇಜಿನಲ್ಲಿಲ್ಲ, ಹೇರುವವನ ಕೈಯಲ್ಲಿದೆ.

ಗಾಲಿಗಳ ವಿಚಾರ

ಕೊನೆಗೆ ಗಾಲಿಗಳು. ಟೈರಿನ ಪಕ್ಕದಲ್ಲಿ 145/80 ಆರ್ 12 ಎಂದು ಬರೆದಿದ್ದರೆ, ಅಗಲ 145 ಮಿಲಿಮೀಟರು, ಪಕ್ಕೆಯ ಎತ್ತರ ಅದರ ಶೇಕಡಾ 80, ರಿಮ್ಮಿನ ವ್ಯಾಸ 12 ಅಂಗುಲ ಎಂದರ್ಥ. ಲೆಕ್ಕ ಹಾಕಿದರೆ ಒಟ್ಟು ವ್ಯಾಸ 53.7 ಸೆಂಟಿಮೀಟರು. ಇದರ ಬದಲು 155/80 ಆರ್ 13 ಹಾಕಿದರೆ ವ್ಯಾಸ 57.8. ಗಾಲಿಯು ಒಂದು ಸುತ್ತಿಗೆ ಸುಮಾರು ಶೇಕಡಾ 8ರಷ್ಟು ಹೆಚ್ಚು ದೂರ ಹೋಗುವುದರಿಂದ, ಗಿಯರಿನಿಂದ ನಡೆಯುವ ವೇಗಮಾಪಕವು 60 ಎಂದು ತೋರಿಸುವಾಗ ನಿಜವಾದ ವೇಗ 64 ದಾಟಿರುತ್ತದೆ. ಅದೇ ಬ್ರೇಕು ದೊಡ್ಡ ಗಾಲಿಯನ್ನು ತಡೆಯುವ ಬಲ ಶೇಕಡಾ 7ರಷ್ಟು ತಗ್ಗುತ್ತದೆ. ಏರು ಹತ್ತುವ ಎಳೆತವೂ ಅಷ್ಟೇ ತಗ್ಗುತ್ತದೆ. ಗುರುತ್ವಕೇಂದ್ರವು 2 ಸೆಂಟಿಮೀಟರು ಏರಿ, ಸ್ಥಿರತೆಯೂ ಶೇಕಡಾ 3ರಷ್ಟು ಕಡಿಮೆಯಾಗುತ್ತದೆ. ‘ದೊಡ್ಡ ಗಾಲಿ ಹಾಕಿದರೆ ನೆಟ್ಟಗೆ ನಿಲ್ಲುವುದೇ’ ಎಂಬ ಪ್ರಶ್ನೆಗೆ ಇದೇ ಉತ್ತರ.

155/65 ಆರ್ 13 ಹಾಕಿದರೆ ವ್ಯಾಸ 53.2 ಆಗಿ, ಈ ದೋಷಗಳು ಬಹಳಮಟ್ಟಿಗೆ ತಪ್ಪುತ್ತವೆ. ಆದರೆ ಪಕ್ಕೆಯ ಎತ್ತರ 11.6 ಸೆಂಟಿಮೀಟರಿನಿಂದ 10.1ಕ್ಕೆ ಇಳಿಯುತ್ತದೆ. ತಗ್ಗುದಿಣ್ಣೆಗಳ ದಾರಿಯಲ್ಲಿ ಗಾಳಿಯ ಕಮಾನನ್ನು ಗಿಡ್ಡ ಮಾಡಿದಂತಾಯಿತು; ಗುಂಡಿಯ ಅಂಚು ರಿಮ್ಮಿಗೇ ಬಡಿಯಬಹುದು. ಟೈರಿನ ಭಾರ ಹೊರುವ ಸಾಮರ್ಥ್ಯವು ಹಳೆಯದಕ್ಕಿಂತ ಕಡಿಮೆಯಿರಲೇಕೂಡದು. ಗಾಲಿಗಳನ್ನು ಹೊರಚಾಚಿಸಲು ನಡುವೆ ಬಿಲ್ಲೆಗಳನ್ನಿಟ್ಟರೆ ಭಾರದ ರೇಖೆಯು ಬೇರಿಂಗಿನಿಂದ ಹೊರಕ್ಕೆ ಸರಿದು, ಸನ್ನೆಯಂತೆ ಅದನ್ನು ಮೀಟುತ್ತದೆ. ಬೇರಿಂಗು ಬೇಗ ಸವೆಯುತ್ತದೆ.

ಅಗಲವಾದ ಟೈರು ನೆಲವನ್ನು ಹೆಚ್ಚು ಮುಟ್ಟುತ್ತದೆಂಬ ನಂಬಿಕೆಯನ್ನೂ ಪರೀಕ್ಷಿಸೋಣ. ಟೈರಿನೊಳಗಿನ 30 ಪೌಂಡು ಒತ್ತಡವೆಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋಗ್ರಾಂ. ಒಂದು ಗಾಲಿಯ ಮೇಲೆ 300 ಕಿಲೋಗ್ರಾಂ ಇದ್ದರೆ ಅದು ನೆಲವನ್ನು ಮುಟ್ಟುವ ಕ್ಷೇತ್ರ ಸುಮಾರು 143 ಚದರ ಸೆಂಟಿಮೀಟರು. ಟೈರು ಅಗಲವಾಗಲಿ ಕಿರಿದಾಗಲಿ, ಒತ್ತಡ ಒಂದೇ ಆಗಿದ್ದರೆ ಕ್ಷೇತ್ರವೂ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಅದರ ಆಕಾರ. ಒತ್ತಡವು 20 ಪೌಂಡಿಗೆ ಇಳಿದರೆ ಕ್ಷೇತ್ರವು 214ಕ್ಕೆ ಏರುತ್ತದೆ ನಿಜ. ಆದರೆ ಆಗ ಟೈರಿನ ಪಕ್ಕೆ ಹೊರಳಾಡುತ್ತದೆ, ಕಾಯುತ್ತದೆ, ಕೊನೆಗೆ ಬಿಸಿಲ ಹೊತ್ತಿನಲ್ಲಿ ಒಡೆಯುತ್ತದೆ. ಆದುದರಿಂದ ತಯಾರಿಸಿದವರು ಸೂಚಿಸಿದ ಒತ್ತಡವನ್ನು, ಟೈರು ತಣ್ಣಗಿರುವಾಗ ನೋಡಿ ಇಟ್ಟುಕೊಳ್ಳುವುದು ಒಳ್ಳೆಯದು.

ಯಾವುದು ಮೊದಲು?

ಕೈಯಲ್ಲಿರುವ ಹಣ ಕಡಿಮೆಯಾಗಿರುವಾಗ ಕ್ರಮವೇ ಮುಖ್ಯ. ಮೊದಲು, ಖರ್ಚಿಲ್ಲದ ಎರಡು ಕೆಲಸಗಳು: ಟೈರಿನ ಗಾಳಿ ಸರಿಯಿಡುವುದು, ಭಾರವನ್ನು ಕೆಳಕ್ಕೆ ಇಳಿಸಿ ಮಿತಿಯಲ್ಲಿಡುವುದು. ಎರಡನೆಯದಾಗಿ, ನಾಲ್ಕು ಮೂಲೆಗಳ ಅಳತೆ ತೆಗೆದು, ಮುರಿದ ಪಟ್ಟಿ, ಸವೆದ ಬುಷ್ಷು, ಸಡಿಲಾದ ಯು ಬೋಲ್ಟುಗಳನ್ನು ಸರಿಪಡಿಸುವುದು. ಮೂರನೆಯದಾಗಿ, ಸತ್ತ ಶಾಕ್ ಅಬ್ಸಾರ್ಬರುಗಳನ್ನು ಜೊತೆ ಜೊತೆಯಾಗಿ ಬದಲಿಸುವುದು. ನಾಲ್ಕನೆಯದಾಗಿ, ಕಮಾನು ನಿಜವಾಗಿಯೂ ಕುಸಿದಿದ್ದರೆ ಅದೇ ಅಳತೆಯ ಹೊಸ ಕಮಾನನ್ನು ಹಾಕಿಸುವುದು; ಸುತ್ತಿಗೆಯಿಂದ ಬಡಿದು ಮತ್ತೆ ಬಾಗಿಸಿದ ಹಳೆಯ ಪಟ್ಟಿ ಕೆಲವು ದಿನ ನಿಗುರಿ ನಿಂತು ಪುನಃ ಕುಸಿಯುವುದುಂಟು. ಅನಂತರ ಗಾಲಿಗಳ ನೇರವನ್ನು ನೋಡಿಸುವುದು. ಅಂದಕ್ಕಾಗಿ ಹೊಸ ಗಾಲಿಗಳು ಎಲ್ಲಕ್ಕಿಂತ ಕೊನೆಗೆ.

ಕಾಯಿದೆಯ ಮಾತನ್ನೂ ಇಲ್ಲಿ ಹೇಳಬೇಕು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿಹಿಡಿಯಿತು. ಮೇಲೆ ಹೇಳಿದ ಕ್ರಮದಲ್ಲಿ ಬಹುಪಾಲು ಇರುವುದು ಮಾರ್ಪಾಡಲ್ಲ, ವಾಹನವನ್ನು ಅದರ ಮೊದಲಿನ ನಿಲುವಿಗೆ ಮರಳಿಸುವ ದುರಸ್ತಿ ಎಂಬುದನ್ನು ವಾಚಕರು ಗಮನಿಸಬೇಕು.

ಆ ತರುಣನು ಪಟ್ಟಿಯನ್ನು ಬದಲಿಸಿದ ಬಳಿಕ ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳನ್ನು ಹಾಕಿಸಿದನು; ನೆತ್ತಿಯ ಕ್ಯಾರಿಯರನ್ನು ಬಿಚ್ಚಿ ಮನೆಯ ಹಿತ್ತಲಿನಲ್ಲಿ ಇಟ್ಟನು. ಹೊಸ ಗಾಲಿಗಳು ಇನ್ನೂ ಅಂಗಡಿಯಲ್ಲಿಯೇ ಇವೆ. ಕಳೆದ ಹುಣ್ಣಿಮೆಗೆ ಅವನು ಮುದುಕಿಯಾದ ಅಜ್ಜಿಯನ್ನು ಗಾಣಗಾಪುರಕ್ಕೆ ಕರೆದೊಯ್ದು ಬಂದು, ದಾರಿಯಲ್ಲಿ ಆಕೆ ನಿದ್ದೆ ಹೋಗಿದ್ದಳೆಂದು ಹೇಳಿದನು. ವಾಹನದ ನಿಲುವು ಸರಿಯಾಗಿದೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಯನ್ನು ನಾವು ಅರಿಯೆವು. ಅಳತೆಪಟ್ಟಿ ಮತ್ತು ಎರಡು ಚೀಲಗಳಿಂದ ಇಷ್ಟನ್ನು ಕಂಡುಕೊಳ್ಳಬಹುದಾದರೆ, ನಮ್ಮ ವಿದ್ಯಾರ್ಥಿಗಳು ತಮ್ಮ ಮನೆಯ ಅಥವಾ ನೆರೆಮನೆಯ ವಾಹನದ ಮೇಲೆ ಈ ಪ್ರಯೋಗವನ್ನು ಮಾಡಿ ನೋಡಲು ತಡವೇಕೆ?